ಅಂಕ ಏರಿತು, ಪಾತ್ರ ಬೆಳೆಯಿತೇ?

ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತ, ಒಂದೇ ಕಥೆಯನ್ನು ವರ್ಷಗಟ್ಟಲೆ ಮುಂದುವರಿಸುವ ಪಾತ್ರಾಭಿನಯದ ಆಟಗಳನ್ನು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಆಡುತ್ತಾರೆ. ಆ ಆಟದ ಮೇಲೆ ನನಗೆ ಮುನಿಸಿಲ್ಲ. ಕಲ್ಪನೆಗೂ ಮಾತಿಗೂ ಅದು ಒಳ್ಳೆಯ ಸಾಣೆ. ನನ್ನ ತಕರಾರು ಒಂದೇ. ಅಲ್ಲಿ ಪಾತ್ರದ ಬೆಳವಣಿಗೆ ಎನಿಸಿಕೊಳ್ಳುವುದು ಬಹುಮಟ್ಟಿಗೆ ಬರಿಯ ಬಡ್ತಿ.

ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಈ ಬಗೆಯ ಆಟಗಳಿಗೆ ಮೂಲ. ರಾಕ್ಷಸರನ್ನು ಕೊಂದರೆ ಅನುಭವದ ಅಂಕ. ನೆಲಮಾಳಿಗೆಯಿಂದ ಹೊತ್ತು ತಂದ ಚಿನ್ನದ ನಾಣ್ಯವೊಂದಕ್ಕೆ ಒಂದು ಅಂಕ. ಅಂಕ ತುಂಬಿದರೆ ಮೇಲಿನ ಮಟ್ಟ. 2014ರ ಐದನೆಯ ಆವೃತ್ತಿಯಲ್ಲಿ ಎರಡನೆಯ ಮಟ್ಟಕ್ಕೆ 300 ಅಂಕ, ಇಪ್ಪತ್ತನೆಯದಕ್ಕೆ 3,55,000. ಅಲ್ಲಿ ಕತ್ತಿ ಬೀಸುತ್ತಲೇ ಮೇಲೇರಿದ ಯೋಧನಿಗೆ, ಹಿಂದೆಂದೋ ಕಲಿತ ಇತಿಹಾಸದ ಜ್ಞಾನವೂ ಒಮ್ಮೆಯೂ ಬಳಸದೆ ಹೆಚ್ಚುತ್ತದೆ! ಅವನು ಬಲಿತಂತೆ ಎದುರಾಳಿಗಳೂ ಬಲಿಯುತ್ತಾರೆ: ಮೊದಲು ಗಾಬ್ಲಿನ್, ಆಮೇಲೆ ದೈತ್ಯ, ಕೊನೆಗೆ ಡ್ರ್ಯಾಗನ್. ಗಾಣದ ಎತ್ತು ನಡೆಯುವ ದೂರಕ್ಕೂ ಲೆಕ್ಕವಿದೆ. ಅದು ಯಾವ ಊರು ಸೇರಿತು?

ಅಂಕಗಳ ಲೆಕ್ಕವೇ ಬೇಡವೆಂದು, ಕಥೆ ಒಂದು ಘಟ್ಟ ಮುಟ್ಟಿದಾಗ ಎಲ್ಲರನ್ನೂ ಒಟ್ಟಿಗೆ ಮೇಲೇರಿಸುವ ಪದ್ಧತಿಯೂ ಇದೆ. ಅದರ ಪರವಾದ ಮಾತಿನಲ್ಲಿ ಹುರುಳಿದೆ: ಒಂದು ವಾರ ಬರಲಾಗದವನು ಹಿಂದೆ ಬೀಳುವುದಿಲ್ಲ, ಕೊಲ್ಲುವ ಆತುರವೂ ತಗ್ಗುತ್ತದೆ. ಆದರೆ ತರಗತಿಯನ್ನೆಲ್ಲ ಒಟ್ಟಿಗೆ ಪಾಸು ಮಾಡಿದಾಗ ಯಾರು ಏನು ಕಲಿತರೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಗೈಗಾಕ್ಸ್ 1979ರ ಕೈಪಿಡಿಯಲ್ಲಿ ಇನ್ನೊಂದು ದಾರಿ ಹಿಡಿದಿದ್ದರು. ಆಟ ನಡೆಸುವವನು ಪ್ರತಿ ಪಾತ್ರದ ನಡತೆಗೂ ನಾಲ್ಕು ದರ್ಜೆಗಳಲ್ಲೊಂದನ್ನು ಕೊಡಬೇಕು. ಕಾದಾಟದಲ್ಲಿ ಹಿಂಜರಿದ ಯೋಧನಿಗೆ ಕಳಪೆ ದರ್ಜೆ. ಅವನು ತರಬೇತಿಗೆ ಹೆಚ್ಚು ವಾರಗಳನ್ನೂ ಹೆಚ್ಚು ಹಣವನ್ನೂ ತೆರಬೇಕು. ಮೇಷ್ಟರಾದ ನನಗೆ ಇದು ಪ್ರಿಯವೆನಿಸಬೇಕಿತ್ತು. ಆದರೆ ಅಲ್ಲಿ ಪರೀಕ್ಷೆಗೊಳಗಾಗುವುದು ವಿಧೇಯತೆ, ಕಲಿಕೆಯಲ್ಲ.

ಕಲಿಕೆಯ ಮರ್ಮವನ್ನು ಹಿಡಿದದ್ದು ಅದಕ್ಕೂ ಮೊದಲು, 1978ರಲ್ಲಿ ಬಂದ 'ರೂನ್‌ಕ್ವೆಸ್ಟ್'. ಅದರಲ್ಲಿ ಮಟ್ಟಗಳೇ ಇಲ್ಲ. ಯಾವ ವಿದ್ಯೆಯನ್ನು ಯಶಸ್ವಿಯಾಗಿ ಬಳಸಿದೆಯೋ ಅದಕ್ಕೆ ಗುರುತು ಹಾಕಿಕೊಂಡು, ಸಾಹಸ ಮುಗಿದ ಮೇಲೆ ದಾಳ ಎಸೆಯಬೇಕು. ಈಗಿರುವ ಪರಿಣತಿಯನ್ನು ದಾಳ ಮೀರಿದರೆ ಮಾತ್ರ ವಿದ್ಯೆ ಹೆಚ್ಚುತ್ತದೆ. ನೂರಕ್ಕೆ 30 ಬಲ್ಲವನಿಗೆ ಅದು ಸುಲಭ, 90 ಬಲ್ಲವನಿಗೆ ಕಷ್ಟ. ಬಿ.ಎಡ್. ತರಗತಿಗಳಲ್ಲಿ ನಾವು ಓದಿದ ಮನೋವಿಜ್ಞಾನವೆಲ್ಲ ಈ ಒಂದು ನಿಯಮದಲ್ಲಿ ಅಡಗಿದೆಯೇನೋ!

ಗ್ರೆಗ್ ಸ್ಟಾಫರ್ಡ್ ಅವರ 'ಪೆಂಡ್ರಾಗನ್' (1985) ಇನ್ನೂ ಮುಂದೆ ಹೋಯಿತು. ಅಲ್ಲಿ ದಯೆ ಮತ್ತು ಕ್ರೌರ್ಯ ಒಂದು ಜೋಡಿ, ಧೈರ್ಯ ಮತ್ತು ಹೇಡಿತನ ಇನ್ನೊಂದು. ಜೋಡಿಯ ಮೊತ್ತ 20. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ವೀರನಿಗೆ ಮುಪ್ಪೂ ಬರುತ್ತದೆ. ಅವನ ಬಳಿಕ ಮಗನು ಕಥೆಯನ್ನು ಮುಂದುವರಿಸುತ್ತಾನೆ.

ನಿಮ್ಮ ಆಟವನ್ನು ಬಿಡಿ ಎನ್ನುವುದಿಲ್ಲ. ಆದರೆ ಮಟ್ಟ ಏರುವಾಗಲೆಲ್ಲ ಆಟಗಾರನು ತನ್ನ ಪಾತ್ರ ಏನು ಕಲಿಯಿತು, ಎಲ್ಲಿ ಕಲಿಯಿತು ಎಂಬುದನ್ನು ಎರಡು ವಾಕ್ಯಗಳಲ್ಲಿ ಹೇಳಲಿ. ಹೇಳಲಾಗದಿದ್ದರೆ ಹೊಸ ಶಕ್ತಿ ಮುಂದಿನ ವಾರದವರೆಗೆ ಕಾಯಲಿ. ಐದು ವರ್ಷ ಜೊತೆಗಿದ್ದ ಪಾತ್ರದ ಬಗ್ಗೆ ಕೊನೆಗೆ ಒಂದು ಸಂಖ್ಯೆಯಷ್ಟೇ ನೆನಪಿನಲ್ಲಿ ಉಳಿದರೆ, ಅಷ್ಟು ಭಾನುವಾರಗಳು ಹೋದದ್ದೆಲ್ಲಿ? ಒಪ್ಪದವರು ತರಗತಿಯಲ್ಲಿ ಎದ್ದು ನಿಂತು ವಾದಿಸುತ್ತಿದ್ದಂತೆಯೇ ಈಗಲೂ ವಾದಿಸಿ, ಕೇಳಲು ಸಿದ್ಧನಿದ್ದೇನೆ.