ರಕ್ತವಿಲ್ಲದ ಶಸ್ತ್ರಚಿಕಿತ್ಸೆಯೂ ರಕ್ತ ನೀಡದ ನಾವೂ

ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀಯ ಪ್ರಸಂಗವನ್ನು ಸಂತ ಮಾರ್ಕನ ಶುಭಸಂದೇಶದಲ್ಲಿ ನಾವು ಭಕ್ತಿಯಿಂದ ಆಲಿಸುತ್ತೇವೆ. ಅದೇ ಸಂಕಟದ ತಾಯಿಯೊಬ್ಬಳು ಸಾಗರ, ಹೊಸನಗರ ಅಥವಾ ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ಮಲಗಿದ್ದರೆ, "ಶಿವಮೊಗ್ಗಕ್ಕೆ ಕರೆದೊಯ್ಯಲಿ" ಎಂದು ಕೈತೊಳೆದುಕೊಳ್ಳುತ್ತೇವೆ. ಇದು ನ್ಯಾಯವೇ?

"ರಕ್ತ ಕೊಡದೆಯೂ ಶಸ್ತ್ರಚಿಕಿತ್ಸೆ ಸಾಧ್ಯವಂತೆ, ಇನ್ನು ರಕ್ತದಾನವೇಕೆ?" ಎನ್ನುವವರಿದ್ದಾರೆ. ಈ ಮಾತಿನ ಮೊದಲರ್ಧ ನಿಜ. ರಕ್ತ ಸ್ವೀಕರಿಸಲೊಪ್ಪದ ಯೆಹೋವನ ಸಾಕ್ಷಿಗಳಿಗೆ ಅಮೆರಿಕದ ವೈದ್ಯ ಡೆಂಟನ್ ಕೂಲಿಯವರು 1960ರ ದಶಕದಲ್ಲಿಯೇ ಹೃದಯದ ಶಸ್ತ್ರಚಿಕಿತ್ಸೆ ನಡೆಸಿದರು. ಹೆರಿಗೆಯ ನಂತರದ ರಕ್ತಸ್ರಾವದಿಂದಾಗುವ ಸಾವನ್ನು ಟ್ರಾನೆಕ್ಸಾಮಿಕ್ ಆಮ್ಲವೆಂಬ ಅಗ್ಗದ ಔಷಧವು ತಗ್ಗಿಸುತ್ತದೆಂದು 2017ರಲ್ಲಿ ಪ್ರಕಟವಾದ, 20,000 ತಾಯಂದಿರ ಅಧ್ಯಯನವು ತೋರಿಸಿತು. ಗರ್ಭಕೋಶದ ಹೊರಗೆ ನಿಂತ ಗರ್ಭವು ಒಡೆದಾಗ, ಹೊಟ್ಟೆಯೊಳಗೆ ಸುರಿದ ರಕ್ತವನ್ನು ಸೋಸಿ ಆಕೆಗೇ ಹಿಂದಿರುಗಿಸುವ ವಿಧಾನವೂ ಬಡ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ.

ಆದರೆ ಇವೆಲ್ಲಕ್ಕೂ ಮೊದಲ ಆಸರೆ ರೋಗಿಯ ಮೈಯಲ್ಲಿರುವ ರಕ್ತವೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನರು. 13 ಗ್ರಾಂ ಹಿಮೋಗ್ಲೋಬಿನ್ ಉಳ್ಳವಳು ತಾಳಿಕೊಳ್ಳುವ ನಷ್ಟವನ್ನು 7 ಗ್ರಾಂ ಉಳ್ಳವಳು ತಾಳಲಾರಳು. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ಹೆಣ್ಣುಮಗಳನ್ನು ನಾವೇ ದುರ್ಬಲಗೊಳಿಸಿ, ವೈದ್ಯರಿಂದ ಪವಾಡ ಬಯಸುವುದು ವಿಶ್ವಾಸವಲ್ಲ, ಅಲಕ್ಷ್ಯ.

ಇನ್ನು ನಮ್ಮ ರಕ್ತದಾನ. ಪಾಲಕ ಸಂತರ ಹಬ್ಬದಂದು ಶಿಬಿರ ನಡೆಸಿ, ಭಾವಚಿತ್ರ ತೆಗೆಸಿಕೊಂಡರೆ ಋಣ ತೀರಿತೆ? ಕೆಂಪು ರಕ್ತಕಣಗಳನ್ನು ಶೈತ್ಯದಲ್ಲಿಟ್ಟರೂ 35ರಿಂದ 42 ದಿನಗಳಷ್ಟೇ ಬಳಸಬಹುದು. ಉಳಿದ ಹತ್ತು ತಿಂಗಳು ಯಾರ ಪಾಲು? ಸಣ್ಣ ಆಸ್ಪತ್ರೆಗಳೂ ಅನುಮತಿ ಪಡೆದು ರಕ್ತ ಶೇಖರಣಾ ಕೇಂದ್ರ ಹೊಂದಲು 2001ರಲ್ಲಿಯೇ ಕೇಂದ್ರ ಸರ್ಕಾರ ನಿಯಮ ಸಡಿಲಿಸಿತು. ಆದರೆ ನಾವು ತುಂಬದೆ ಆ ಪೆಟ್ಟಿಗೆ ತಾನಾಗಿ ತುಂಬದು. 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಸೇತುವೆ ತೆರೆಯಿತು. ತುಮರಿಯ ಗರ್ಭಿಣಿ ಲಾಂಚಿಗಾಗಿ ಕಾಯಬೇಕಿಲ್ಲ. ಸೇತುವೆ ಆಕೆಯನ್ನು ದಡ ಸೇರಿಸೀತು, ರಕ್ತ ಕೊಡದು.

ಪ್ರಿಯ ಓದುಗರೇ, ಮನೆಯ ಹೆಣ್ಣುಮಕ್ಕಳ ಹಿಮೋಗ್ಲೋಬಿನ್ ಪರೀಕ್ಷಿಸಿಸಿರಿ. ಆರೋಗ್ಯವಂತ ಪುರುಷರು 3 ತಿಂಗಳಿಗೊಮ್ಮೆ, ಮಹಿಳೆಯರು 4 ತಿಂಗಳಿಗೊಮ್ಮೆ ರಕ್ತ ನೀಡಬಹುದು. ಧರ್ಮಕೇಂದ್ರದ ಕುಟುಂಬಗಳು ಸರದಿ ಹಂಚಿಕೊಂಡರೆ ವರ್ಷವಿಡೀ ದಾನಿಗಳಿರುತ್ತಾರೆ. ನಮಗಾಗಿ ರಕ್ತ ಸುರಿಸಿದಾತನ ಪೀಠದ ಮುಂದೆ ಪ್ರತಿ ಭಾನುವಾರ ಮೊಣಕಾಲೂರುವ ನಮಗೆ ಇದು ಹೆಚ್ಚಾಯಿತೇ?