ಸೆಂಟು ಹಾಕ್ಕೊಳ್ಳೋಣ, ಸೊಗಡು ಮರೆಯೋದು ಬೇಡ

ಬೆಳಗ್ಗೆ ಬಸ್ಸು ಹತ್ತಿದರೆ ಸಾಕು, ನಮ್ಮ ಕಾಲೇಜಿನವರು ಎಲ್ಲಿ ಕೂತಿದ್ದಾರೆ ಅಂತ ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ಕಡೆಯಿಂದ ಬಂದರೂ ಹಿಂದಿನ ಸೀಟಲ್ಲಿ ಒಂದು ಬಾಡಿ ಸ್ಪ್ರೇ ಮೋಡ ಇದ್ದೇ ಇರುತ್ತೆ. ಈ ಸೆಮಿಸ್ಟರ್‌ನ ಹೊಸ ಗೀಳು ಸಿಟ್ರಸ್ ಫ್ಲೋರಲ್. ದಿನಾ ಹಾಕ್ಕೊಳ್ಳೋಕೆ ಹಿತವಾಗಿರುತ್ತಂತೆ.

ಹಿತವಾಗೇ ಇರುತ್ತೆ, ಎರಡು ಸಲ ಒತ್ತಿದರೆ. ನಿಂಬೆ, ಕಿತ್ತಳೆ ಸಿಪ್ಪೆಯಲ್ಲಿರುವ ಲಿಮೊನೀನ್ ಚಿಕ್ಕ ಅಣು, ಬೇಗ ಆವಿಯಾಗಿ ಮೊದಲು ಮೂಗಿಗೆ ಬಡಿಯುತ್ತೆ. ಆಮೇಲೆ ಹೂವಿನ ಕಂಪು. ಕೊನೆವರೆಗೂ ಮೈಮೇಲೆ ಉಳಿಯೋದು ಶ್ರೀಗಂಧದಂಥ ಭಾರದ ಅಣುಗಳು. ಸ್ವಲ್ಪ ಹೊತ್ತಿಗೆ ನಮ್ಮ ಮೂಗು ಒಗ್ಗಿಹೋಗುತ್ತೆ. ವಾಸನೆ ಹೋಯ್ತು ಅಂದುಕೊಂಡು ಮತ್ತೆ ಒತ್ತುತ್ತೇವೆ. ಲ್ಯಾಬಲ್ಲಿ ಪಕ್ಕದವರಿಗೆ ತಲೆನೋವು.

ಆದರೆ ನಾವು ಹೇಳಬೇಕಾಗಿರೋದು ತಲೆನೋವಿನ ವಿಷಯ ಅಲ್ಲ. ನಮ್ಮ ಕ್ಲಾಸಲ್ಲೊಬ್ಬ ಹುಡುಗ ಇದ್ದಾನೆ. ನಸುಕಲ್ಲೇ ಎದ್ದು ಹಸು ಹಾಲು ಕರೆದು, ಡೇರಿಗೆ ಹಾಕಿ, ಬಸ್ಸು ಹಿಡಿದು ಬರ್ತಾನೆ. ಒಂದು ದಿನ ಯಾರೋ ಮೂಗು ಮುಚ್ಚಿಕೊಂಡು 'ಕೊಟ್ಟಿಗೆ ಬಂತು' ಅಂದರು. ನಕ್ಕವರಲ್ಲಿ ನಾವೂ ಇದ್ದೆವು. ಮಾರನೇ ದಿನದಿಂದ ಅವನು ಅರ್ಧ ಬಾಟ್ಲಿ ಸುರ್ಕೊಂಡು ಬರೋಕೆ ಶುರು ಮಾಡಿದ. ಅವನಿಗೆ ಸೆಂಟಿನ ಆಸೆ ಇರಲಿಲ್ಲ, ನಮ್ಮ ನಗುವಿನ ಭಯ ಇತ್ತು. ಕೋಲಾರ ಅಂದರೆ ರೇಷ್ಮೆ, ಹಾಲು ಅಂತ ವೇದಿಕೆ ಮೇಲೆ ಭಾಷಣ ಮಾಡೋ ನಾವೇ ಹಾಲು ಕರೆದ ಕೈಯನ್ನ ನೋಡಿ ನಕ್ಕಿದ್ವಿ.

ಒಳ್ಳೆ ಪರಿಮಳ ಅನ್ನೋದು ದೊಡ್ಡ ಮಾಲ್‌ನಿಂದಲೇ ಬರಬೇಕು ಅನ್ನೋ ಭ್ರಮೆ ನಮ್ಮದು. ಮನೆ ಬಚ್ಚಲಲ್ಲಿರೋ ಮೈಸೂರು ಸ್ಯಾಂಡಲ್ ಸೋಪನ್ನೇ ತಗೊಳ್ಳಿ. ಶ್ರೀಗಂಧದ ಎಣ್ಣೆ ಜೊತೆ ಕಿತ್ತಳೆ, ಜೆರೇನಿಯಂ, ಲಾವಂಚದ ಕಂಪೂ ಅದರಲ್ಲಿದೆ. ಸಿಟ್ರಸ್, ಫ್ಲೋರಲ್, ಬೆಚ್ಚಗಿನ ಗಂಧ ಮೂರೂ ಅಲ್ಲೇ ಇವೆ! ಮೊದಲನೇ ಮಹಾಯುದ್ಧದಲ್ಲಿ ಶ್ರೀಗಂಧ ಯುರೋಪಿಗೆ ಹೋಗೋದು ನಿಂತಾಗ, ಮೈಸೂರು ಸಂಸ್ಥಾನ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ತೆರೆಯಿತು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನವರು ಎಣ್ಣೆ ತೆಗೆಯೋ ವಿಧಾನಕ್ಕೆ ನೆರವಾದರು. ಎಸ್.ಜಿ. ಶಾಸ್ತ್ರಿಯವರು ಇಂಗ್ಲೆಂಡಿಗೆ ಹೋಗಿ ಕಲಿತು ಬಂದರು. 1918ರಲ್ಲಿ ಸೋಪು ಬಂತು. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಅವರ ಮುದ್ದೇನಹಳ್ಳಿ 2007ರವರೆಗೂ ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು. ಸೆಪ್ಟೆಂಬರ್ 15ಕ್ಕೆ ಅವರ ಫೋಟೋಗೆ ಹಾರ ಹಾಕುವಾಗ ಇದನ್ನೂ ನೆನೆಯೋಣ.

ಇನ್ನೊಂದು ನಾಚಿಕೆಯ ವಿಷಯ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಬರ್ಗಮಾಟ್ ಗೊತ್ತು, ಹೇರಳೆಕಾಯಿ ಗೊತ್ತಿರಲಿಲ್ಲ. ವಾಸನೆ ಅಂದರೆ ಕೆಟ್ಟದ್ದೇ ಅಂದುಕೊಂಡಿದ್ವಿ. ಘಮ, ಕಂಪು, ನಾತ, ಕಮಟು, ಮುಗ್ಗಲು ಅಂತ ಅಜ್ಜಿ ಒಂದೊಂದಕ್ಕೂ ಬೇರೆ ಪದ ಇಟ್ಟುಕೊಂಡಿದ್ದಾರೆ. ಡಿಸೆಂಬರ್‌ನಲ್ಲಿ ಅವರೆಕಾಯಿ ಸುಲಿದಾಗ ಬೆರಳಿಗೆ ಅಂಟೋ ಆ ಸೊಗಡಿಗೆ ಇಂಗ್ಲಿಷಲ್ಲಿ ಏನಂತಾರೆ? ನಮಗಂತೂ ಪದ ಸಿಕ್ಕಿಲ್ಲ. ಸೊಗಡು ಇಲ್ಲದ ಅವರೆಕಾಯಿಯನ್ನ ಸಂತೆಯಲ್ಲಿ ಯಾರೂ ಮೂಸಿಯೂ ನೋಡಲ್ಲ. ಶ್ರೀನಿವಾಸಪುರದ ಮಾವಿನ ಹೂವು, ಮುಳಬಾಗಿಲು ದೋಸೆ ಮೇಲಿನ ತುಪ್ಪ, ಇವಕ್ಕೂ ಬಾಟ್ಲಿ ಬೇಕಿಲ್ಲ.

ಹಾಗಂತ ಸೆಂಟು ಬಿಡಿ ಅಂತ ನಾವು ಹೇಳ್ತಿಲ್ಲ. ಇಷ್ಟ ಇದ್ದರೆ ಹಾಕ್ಕೊಳ್ಳಿ, ಸ್ವಲ್ಪ ಹಾಕ್ಕೊಳ್ಳಿ. ಮನೆಯನ್ನ ಮುಚ್ಚಿಡೋಕೆ ಮಾತ್ರ ಹಾಕ್ಕೋಬೇಡಿ, ಬೇರೆಯವರು ಹಾಗೆ ಮುಚ್ಚಿಡೋ ಹಾಗೆ ಮಾಡಲೂಬೇಡಿ. ಮೊನ್ನೆ ಆ ಗೆಳೆಯನ ಹತ್ತಿರ ಹೋಗಿ ಸಾರಿ ಕೇಳಿದ್ವಿ. 'ಬಿಡ್ರೋ' ಅಂದ. ಆದರೆ ಮಾರನೇ ದಿನವೂ ಅರ್ಧ ಬಾಟ್ಲಿ ಸುರ್ಕೊಂಡೇ ಬಂದಿದ್ದ. ಒಂದು ಸಾರಿಗೆ ಹೋಗೋ ಭಯ ಅಲ್ಲ ಅದು. ನಾವಿನ್ನೂ ಅವನ ಪಕ್ಕದಲ್ಲಿ ಕೂರೋದಿದೆ.