ಮುಯ್ಯಿಯ ಪುಸ್ತಕವೂ ಮಾನವಶಾಸ್ತ್ರವೂ

‘ಸಂಸ್ಕೃತಿ’ ಎಂಬ ಮಾತು ನಮ್ಮ ಕಾಲೇಜಿನಲ್ಲಿ ವಾರ್ಷಿಕೋತ್ಸವದ ಹೊತ್ತಿಗೆ ಬಹಳವಾಗಿ ಕೇಳಿಬರುತ್ತದೆ. ಹಾಡು, ಕುಣಿತ, ನಾಟಕ ಇವು ಸಾಂಸ್ಕೃತಿಕ ಕಾರ್ಯಕ್ರಮಗಳು. ತೆರೆ ಬಿದ್ದೊಡನೆ ಸಂಸ್ಕೃತಿಯೂ ಮುಗಿಯಿತು. ಬಣ್ಣ ತೊಳೆದುಕೊಂಡು ಮನೆಗೆ ಹೋದರಾಯಿತು. ‘ಅವನು ಸಂಸ್ಕೃತಿಯಿಲ್ಲದವನು’ ಎಂದು ಹೀಗಳೆಯುವುದಕ್ಕೂ ನಾವು ಇದೇ ಮಾತನ್ನು ಬಳಸುತ್ತೇವೆ. ಈ ಎರಡು ಅರ್ಥಗಳೂ ಸಾಲವು ಎಂಬುದು ನನ್ನ ಅಭಿಪ್ರಾಯ. ಅದನ್ನು ಹೇಳಲು ನಮ್ಮ ಮನೆಯ ಹಳೆಯ ಪುಸ್ತಕವೊಂದರ ವಿಷಯವನ್ನು ಎತ್ತಬೇಕಾಗಿದೆ. ಸ್ವಂತದ ಮಾತೆಂದು ಓದುಗರು ಬೇಸರಪಡಬಾರದು.

ನಮ್ಮದು ಒಕ್ಕಲು ಮನೆ. ತಂದೆಗೆ ರುಜು ಹಾಕುವಷ್ಟು ಅಕ್ಷರ ಬರುತ್ತದೆ. ಅವ್ವನಿಗೆ ಅದೂ ಇಲ್ಲ. ಹೀಗಾಗಿ ಐದನೆಯ ತರಗತಿಗೆ ಬರುವ ಹೊತ್ತಿಗೇ ಮನೆಯ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅಕ್ಕನ ಮದುವೆಯಲ್ಲಿ ಚಪ್ಪರದ ಮೂಲೆಯಲ್ಲಿ ಚಾಪೆ ಹಾಕಿ ನನ್ನನ್ನು ಕೂರಿಸಿ, ಕೈಗೆ ಪುಸ್ತಕ ಕೊಟ್ಟರು. ಬಂದವರ ಹೆಸರು, ಊರು, ಅವರು ಮಾಡಿದ ಮುಯ್ಯಿ, ಇಷ್ಟನ್ನೂ ಸಾಲಾಗಿ ಬರೆದೆ. ಒಬ್ಬರದು 101 ರೂಪಾಯಿ, ಒಬ್ಬರದು 501, ಮತ್ತೊಬ್ಬರದು ಒಂದು ಸೀರೆ. ಅವರವರ ಮನೆಯಲ್ಲಿ ಶುಭಕಾರ್ಯ ನಡೆದಾಗ ನಾವು ಆ ಪುಟವನ್ನು ತೆಗೆದು ನೋಡಿ, ಅದಕ್ಕಿಂತ ಒಂದಿಷ್ಟು ಮೇಲೆ ಸೇರಿಸಿ ಹಿಂದಿರುಗಿಸಬೇಕು. ಇದು ನಮ್ಮ ಮನೆಯ ಕ್ರಮ.

ಕಾಲೇಜು ಸೇರಿದ ಮೇಲೆ ನನಗೆ ಈ ಪುಸ್ತಕದ ಬಗ್ಗೆ ನಾಚಿಕೆ ಹುಟ್ಟಿತು. ಎರಡನೆಯ ವರ್ಷದ ಶುಲ್ಕ ಕಟ್ಟಬೇಕಾಗಿದ್ದ ವಾರದಲ್ಲೇ ತಂದೆ ಕೈಗಡ ಮಾಡಿ ಒಂದು ಮದುವೆಗೆ ಮುಯ್ಯಿ ಒಯ್ದರು. ಇದೂ ಒಂದು ಸಾಲವೇ, ಹಳ್ಳಿಯವರ ಮೌಢ್ಯ ಎಂದು ನಾನು ರೇಗಿದೆ. ಅವ್ವ, “ಸಾಲ ಅಲ್ಲ ಕಣ್ಲಾ ಮಗ. ಸಾಲ ತೀರಿಸಿದ್ರೆ ಅವ್ರು ಯಾರೊ ನಾವ್ ಯಾರೊ. ಮುಯ್ಯಿ ಹಂಗಲ್ಲ, ತೀರಿಸಿದ್ರೂ ತೀರಾಕಿಲ್ಲ” ಎಂದಳು. ಆಗ ಆ ಮಾತು ನನ್ನ ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ.

ಈ ವರ್ಷ ನಮ್ಮ ಪಾಠಕ್ರಮದಲ್ಲಿ ಸಾಂಸ್ಕೃತಿಕ ಮಾನವಶಾಸ್ತ್ರದ ಮೂಲ ಕಲ್ಪನೆಗಳು ಬಂದವು. ಮೊದಲನೆಯದು ಸಂಸ್ಕೃತಿಯ ಕಲ್ಪನೆಯೇ. ಇಂಗ್ಲೆಂಡಿನ ಎಡ್ವರ್ಡ್ ಟೈಲರ್ 1871ರಲ್ಲಿ ಇದಕ್ಕೆ ಒಂದು ವಿಶಾಲವಾದ ಅರ್ಥ ಕೊಟ್ಟನು. ಅದರಂತೆ ಮನುಷ್ಯನು ಸಮಾಜದಲ್ಲಿ ಬಾಳಿ ಕಲಿತುದೆಲ್ಲವೂ, ಅಂದರೆ ತಿಳಿವಳಿಕೆ, ನಂಬಿಕೆ, ಕಲೆ, ನೀತಿ, ಕಟ್ಟಳೆ, ರೂಢಿ ಎಲ್ಲವೂ ಸಂಸ್ಕೃತಿಯೇ. ಈ ಅರ್ಥದಲ್ಲಿ ಸಂಸ್ಕೃತಿಯಿಲ್ಲದ ಮನುಷ್ಯನೇ ಇಲ್ಲ. ಅಕ್ಷರ ಬಾರದ ನನ್ನ ಅವ್ವನೂ ಅದರೊಳಗೆ ಸೇರಿದಳು.

ಎರಡನೆಯದು, ನಮ್ಮ ರೂಢಿಯನ್ನೇ ಅಳತೆಗೋಲು ಮಾಡಿಕೊಂಡು ಲೋಕವನ್ನೆಲ್ಲ ಅಳೆಯುವ ದೋಷ. ಅಮೆರಿಕದ ವಿಲಿಯಂ ಗ್ರಹಾಂ ಸಮ್ನರ್ 1906ರ ತನ್ನ ಗ್ರಂಥದಲ್ಲಿ ಇದನ್ನು ‘ಎಥ್ನೋಸೆಂಟ್ರಿಸಂ’ ಎಂದು ಕರೆದು ವಿವರಿಸಿದನು. ನನ್ನಲ್ಲಿದ್ದುದು ಇದರ ವಿಚಿತ್ರ ರೂಪವೆಂದು ತೋರುತ್ತದೆ: ಎರವಲು ತಂದ ಅಳತೆಗೋಲಿನಿಂದ ನಾನು ನನ್ನ ಮನೆಯನ್ನೇ ಅಳೆಯುತ್ತಿದ್ದೆ.

ಆಮೇಲೆ ಮಲಿನೋವ್‌ಸ್ಕಿಯ ಪಾಠ ಬಂತು. ಪೋಲೆಂಡಿನಲ್ಲಿ ಹುಟ್ಟಿದ ಈತ ನ್ಯೂಗಿನಿಯ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಡೇರೆ ಹಾಕಿಕೊಂಡು ಜನರ ನಡುವೆಯೇ ಇದ್ದು, ಅವರ ಭಾಷೆ ಕಲಿತು, 1922ರಲ್ಲಿ ಗ್ರಂಥ ಪ್ರಕಟಿಸಿದನು. ಅಲ್ಲಿ ‘ಕುಲಾ’ ಎಂಬ ವಿನಿಮಯವುಂಟು (ನಮ್ಮ ‘ಕುಲ’ಕ್ಕೂ ಇದಕ್ಕೂ ಸಂಬಂಧವಿಲ್ಲ). ಕೆಂಪು ಚಿಪ್ಪಿನ ಹಾರಗಳು ದ್ವೀಪದಿಂದ ದ್ವೀಪಕ್ಕೆ ಒಂದು ದಿಕ್ಕಿನಲ್ಲಿ ಸುತ್ತುತ್ತವೆ. ಬಿಳಿ ಚಿಪ್ಪಿನ ತೋಳಬಳೆಗಳು ಎದುರು ದಿಕ್ಕಿನಲ್ಲಿ. ಯಾರೂ ಅವನ್ನು ಬಹುಕಾಲ ಇಟ್ಟುಕೊಳ್ಳುವಂತಿಲ್ಲ. ದೋಣಿಯಲ್ಲಿ ಕಡಲು ದಾಟಿ ಕೊಟ್ಟು ಬರುವ ಈ ವಸ್ತುವಿಗಿಂತ, ಕೊಡುವವನಿಗೂ ಪಡೆಯುವವನಿಗೂ ನಡುವೆ ಬಾಳುವ ಸಂಬಂಧವೇ ದೊಡ್ಡದು. ಫ್ರಾನ್ಸಿನ ಮಾರ್ಸೆಲ್ ಮೋಸ್ 1925ರಲ್ಲಿ ಇಂಥ ಅನೇಕ ಪದ್ಧತಿಗಳನ್ನು ಹೋಲಿಸಿ, ಕೊಡುವುದು, ಸ್ವೀಕರಿಸುವುದು, ಹಿಂದಿರುಗಿಸುವುದು ಈ ಮೂರೂ ಕಟ್ಟುಪಾಡುಗಳೆಂದು ತೋರಿಸಿದನು. ತರಗತಿಯಲ್ಲಿ ಕುಳಿತಿದ್ದ ನನಗೆ ಅವ್ವನ ಮಾತು ಮತ್ತೆ ಕೇಳಿಸಿದಂತಾಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನ ಹಳ್ಳಿಯ ಹೊಗಳಿಕೆಯಾಗುತ್ತಿತ್ತು. ಆದರೆ ದಸರೆಯ ರಜೆಯಲ್ಲಿ ಊರಿಗೆ ಹೋದಾಗ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ದೂರದ ಊರುಗಳ ನೆಂಟರ ಹೆಸರುಗಳಿವೆ. ಸಂತೆಯ ಅಂಗಡಿಯವರದೂ ಇದೆ. ನಮ್ಮೂರಿನ ಕೇರಿಯವರ ಒಂದು ಹೆಸರೂ ಇಲ್ಲ! ಅಕ್ಕನ ಮದುವೆಯಲ್ಲಿ ಸೌದೆ ಒಡೆದವರು, ತಮಟೆ ಬಾರಿಸಿದವರು ಅವರೇ. ಕೆಲಸವನ್ನು ಪಡೆದೆವು, ಮುಯ್ಯಿಯನ್ನು ಪಡೆಯಲಿಲ್ಲ. ಮುಯ್ಯಿಯಿಂದ ನಂಟು ಬೆಳೆಯುವುದಾದರೆ, ಮುಯ್ಯಿ ಬೇಡವೆನ್ನುವುದು ನಂಟು ಬೇಡವೆಂದು ಸಾರಿದಂತೆಯೇ. ಬರೆದ ಕೈ ನನ್ನದು. ಬಿಟ್ಟುಹೋದ ಹೆಸರುಗಳು ಅಂದು ನನ್ನ ಕಣ್ಣಿಗೂ ಬೀಳಲಿಲ್ಲ.

ಪ್ರತಿಯೊಂದು ಸಂಸ್ಕೃತಿಯನ್ನೂ ಅದರ ಒಳಗಿನಿಂದಲೇ ಅರಿಯಬೇಕು ಎಂಬುದು ಫ್ರಾಂಜ್ ಬೋವಾಸ್ ಮೊದಲಾದವರು ಬೆಳೆಸಿದ ಸಾಪೇಕ್ಷ ದೃಷ್ಟಿ. ‘ಹಾಗಾದರೆ ಅಸ್ಪೃಶ್ಯತೆಯೂ ನಮ್ಮ ಸಂಸ್ಕೃತಿ, ಅದನ್ನು ಟೀಕಿಸಬಾರದು’ ಎಂದು ಮಿತ್ರರೊಬ್ಬರು ವಾದಿಸಿದರು. ನಾನು ಒಪ್ಪುವುದಿಲ್ಲ. ಅರಿಯುವುದು ಬೇರೆ, ಒಪ್ಪುವುದು ಬೇರೆ. ಬೋವಾಸನೇ ಜನಾಂಗದ್ವೇಷದ ವಿರುದ್ಧ ಬಹಿರಂಗವಾಗಿ ಹೋರಾಡಿದವನು. ಅವನಿದ್ದ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲೇ, 1916ರಲ್ಲಿ, ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ಗೋಷ್ಠಿಯಲ್ಲಿ ಡಾ. ಅಂಬೇಡ್ಕರರು ಭಾರತದ ಜಾತಿಗಳನ್ನು ಕುರಿತು ಪ್ರಬಂಧ ಓದಿದರು. ಜಾತಿಯೊಳಗೇ ಮದುವೆಯೆಂಬ ಕಟ್ಟಳೆಯೇ ಜಾತಿಯ ತಿರುಳೆಂದು ಎತ್ತಿ ತೋರಿಸಿದರು. ಯಂತ್ರ ಹೇಗೆ ನಡೆಯುತ್ತದೆಂದು ಅರಿತವನೇ ಅದನ್ನು ನಿಲ್ಲಿಸಬಲ್ಲನಲ್ಲವೆ?

ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ನಡೆಸಿದರು. ಅವರ ಟಿಪ್ಪಣಿಗಳು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಸಿಕ್ಕವು; ಆದರೂ ನೆನಪಿನ ಬಲದಿಂದ ಆ ಹಳ್ಳಿಯನ್ನು ಕುರಿತು ಬರೆದು 1976ರಲ್ಲಿ ಪ್ರಕಟಿಸಿದರು. ಅವರು ಹಳ್ಳಿಗೆ ಹೋಗಿ ನೆಲೆಸಬೇಕಾಯಿತು. ನಮ್ಮಲ್ಲಿ ಅನೇಕರು ಹಳ್ಳಿಯಿಂದಲೇ ದಿನವೂ ಬಸ್ಸು ಹತ್ತಿ ಬರುತ್ತೇವೆ. ನಮ್ಮಲ್ಲಿ ಪ್ರತಿಯೊಬ್ಬರೂ ಪದವಿ ಪಡೆಯುವ ಮುನ್ನ ಮನೆಯ ಒಂದು ರೂಢಿಯನ್ನಾದರೂ, ಅದರ ಅಂದವನ್ನೂ ಅನ್ಯಾಯವನ್ನೂ ಮುಚ್ಚಿಡದೆ, ಬರೆದಿಡಬೇಕೆಂದು ನನ್ನ ಸೂಚನೆ. ಪೂಜ್ಯ ಅಧ್ಯಾಪಕರು ಇದಕ್ಕೆ ಮಾರ್ಗದರ್ಶನ ಮಾಡಿದರೆ ವಾರ್ಷಿಕೋತ್ಸವದ ತೆರೆ ಬಿದ್ದ ಮೇಲೂ ಸಂಸ್ಕೃತಿಯ ಮಾತು ಉಳಿದೀತು.

ಬರುವ ಬೇಸಗೆಯಲ್ಲಿ ನಮ್ಮಣ್ಣನ ಮದುವೆ. ಈ ಸಲವೂ ಪುಸ್ತಕ ನನ್ನ ಕೈಯಲ್ಲೇ ಇರುತ್ತದೆ. ಕೇರಿಯವರನ್ನೂ ಪಂಕ್ತಿಯಲ್ಲಿ ಕೂರಿಸಬೇಕು, ಅವರ ಮುಯ್ಯಿಯನ್ನೂ ಬರೆದುಕೊಳ್ಳಬೇಕು, ನಾಳೆ ಅವರ ಮನೆಗೆ ಹೋಗಿ ಹಿಂದಿರುಗಿಸಬೇಕು ಎಂದು ತಂದೆಯನ್ನು ಕೇಳಿದ್ದೇನೆ. ಅವರು ಇನ್ನೂ ಉತ್ತರ ಕೊಟ್ಟಿಲ್ಲ. ಅವ್ವ ಮಾತ್ರ, “ಹೊಸ ಪುಸ್ತಕ ತಗೊಂಬಾ, ಹಳೇದ್ರಲ್ಲಿ ಜಾಗ ಇಲ್ಲ” ಎಂದಿದ್ದಾಳೆ.